ಆ ರಾತ್ರಿ ಮಗನ ಬಳಿ ಕುಳಿತಾಗ



ಕಳೆದ ಮಳೆಗಾಲದ ಒಂದು ರಾತ್ರಿ ಪರಿಚಯದ ತಾಯಿಯೊಬ್ಬರು ನನಗೆ ಫೋನ್ ಮಾಡಿದರು. "ಟೀಚರೇ, ಗೋಡೆ ಉಸಿರಾಡುತ್ತಿದೆ ಅನ್ನುತ್ತಾನೆ ಮಗ. ನನ್ನ ಮುಖ ಕರಗುತ್ತಿದೆಯಂತೆ. ಜಿನ್ನ್ ಏನಾದರೂ ಹಿಡಿದಿದೆಯೋ? ಉಸ್ತಾದರನ್ನು ಕರೆಸಲೇ?" ಹಿಂದಿನಿಂದ ತಂದೆ ಗದರುವ ಸದ್ದು. ಹುಡುಗ ಹಾಸ್ಟೆಲಿನಿಂದ ರಜೆಗೆ ಬಂದವನು. ನಿಜ ಗೊತ್ತಿದ್ದದ್ದು ತಂಗಿಗೆ ಮಾತ್ರ. ಗೆಳೆಯ ಕೊಟ್ಟ ಕಾಗದದ ಚೂರೊಂದನ್ನು ಅವನು ನಾಲಗೆಯ ಮೇಲೆ ಇಟ್ಟುಕೊಂಡಿದ್ದ.

ಹುಡುಗರು ಇದಕ್ಕೆ 'ಸ್ಟ್ಯಾಂಪ್' ಎನ್ನುತ್ತಾರೆ. ಅದರಲ್ಲಿರುವುದು ಎಲ್‌ಎಸ್‌ಡಿ ಎಂಬ ಅಮಲು ಪದಾರ್ಥ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಇದನ್ನು ತಯಾರಿಸಿದರು. 1943ರ ಏಪ್ರಿಲ್ 19ರಂದು ಪರೀಕ್ಷೆಗೆಂದು 250 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲೊಂದು ಪಾಲು, ತಾವೇ ಸೇವಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟರು. ಹಾಲು ತಂದುಕೊಟ್ಟ ನೆರೆಮನೆಯಾಕೆ ಮಾಟಗಾತಿಯಂತೆ ಕಂಡಳು. ತನಗೆ ಹುಚ್ಚು ಹಿಡಿಯಿತು, ಸಾವು ಬಂತು ಎಂದು ಅವರು ನಡುಗಿದರು. ವೈದ್ಯರು ಬಂದು ನೋಡಿದರೆ, ಕಣ್ಣಿನ ಪಾಪೆ ಹಿಗ್ಗಿದ್ದು ಬಿಟ್ಟರೆ ಬೇರೇನೂ ಇಲ್ಲ! ತಯಾರಿಸಿದವನಿಗೇ ಈ ಗತಿಯಾದರೆ ಇಪ್ಪತ್ತರ ಹುಡುಗನ ಪಾಡು ಊಹಿಸಿ.

ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕೆಲಸ ಮಾಡುವ ಜಾಗಗಳಿಗೆ ಈ ವಸ್ತು ಅಂಟಿಕೊಂಡು ನೋಟ, ಸದ್ದು, ನೆನಪುಗಳನ್ನೆಲ್ಲ ಕಲಸಿಬಿಡುತ್ತದೆ. ಸಮಯದ ಲೆಕ್ಕವೂ ತಪ್ಪುತ್ತದೆ. ಐದು ನಿಮಿಷ ಒಂದು ಯುಗವಾಗುತ್ತದೆ. ಆದ್ದರಿಂದಲೇ 'ಇದು ಇನ್ನು ಮುಗಿಯುವುದೇ ಇಲ್ಲ' ಎಂಬ ಭಯ. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಗಂಟೆಗಳಲ್ಲಿ ಅಮಲು ಇಳಿಯುತ್ತದೆ.

ನಾನು ಆಕೆಗೆ ಹೇಳಿದ್ದು ಇಷ್ಟೆ: ಮೊದಲು ವೈದ್ಯರಿಗೆ ಫೋನ್ ಮಾಡಿ, ಏನು ತೆಗೆದುಕೊಂಡಿದ್ದಾನೆಂದು ಮುಚ್ಚಿಡದೆ ಹೇಳಿ. ಗದರುವವರನ್ನು ಜಗಲಿಗೆ ಕಳಿಸಿ. ಟ್ಯೂಬ್‌ಲೈಟ್, ಟಿ.ವಿ. ಆರಿಸಿ. ನೀವೊಬ್ಬರೇ ಹತ್ತಿರ ಕುಳಿತುಕೊಳ್ಳಿ. 'ಗೋಡೆ ಉಸಿರಾಡುವುದಿಲ್ಲ' ಎಂದು ವಾದಿಸಬೇಡಿ. 'ಇದು ಆ ಮದ್ದಿನ ಕೆಲಸ ಮಗಾ, ಇಳಿದುಹೋಗುತ್ತದೆ, ನಾನು ಇಲ್ಲೇ ಇದ್ದೇನೆ' ಎನ್ನಿ. ಬಲವಂತವಾಗಿ ಹಿಡಿದಿಡಬೇಡಿ, ಆದರೆ ಟೆರೇಸಿಗೆ, ಬೈಕಿನ ಬಳಿಗೆ ಹೋಗಗೊಡಬೇಡಿ.

ವೈದ್ಯರು ಜ್ವರ, ಫಿಟ್ಸ್ ಇದೆಯೇ ಎಂದು ವಿಚಾರಿಸಿ, ಇಲ್ಲವೆಂದ ಮೇಲೆ ಮನೆಯಲ್ಲೇ ನೋಡಿಕೊಳ್ಳಲು ಹೇಳಿದರು. ಆಕೆ ಮಗುವನ್ನು ಮಲಗಿಸುವಾಗ ಓದುತ್ತಿದ್ದ ಸೂರಾಗಳನ್ನೇ ಮೆಲ್ಲನೆ ಓದಿದರು. ಅವನು ಕೈ ಬಿಡಲಿಲ್ಲವಂತೆ. ಸುಬ್‌ಹ್ ಬಾಂಗಿನ ಹೊತ್ತಿಗೆ ನಿದ್ದೆ ಬಂತು.

ಎಲ್ಲ ಮನೆಗಳಲ್ಲೂ ಹೀಗೆಯೇ ಆಗುತ್ತದೆಂದು ತಿಳಿಯಬೇಡಿ. ಸ್ಟ್ಯಾಂಪಿನ ಹೆಸರಲ್ಲಿ ಬೇರೆ ವಿಷಗಳೂ ಮಾರಾಟವಾಗುತ್ತವೆ. ಮೈ ಸುಡುವ ಜ್ವರ, ಫಿಟ್ಸ್, ಎದೆನೋವು, ಎಚ್ಚರ ತಪ್ಪುವುದು, ತನಗೋ ಇತರರಿಗೋ ಹಾನಿ ಮಾಡಹೊರಡುವುದು ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ನಮ್ಮ ಬೇಲಿಬದಿಯ ಉಮ್ಮತ್ತದ ಬೀಜ ತಿಂದವರ ಕಥೆಯೇ ಬೇರೆ. ಬಾಯಿ ಒಣಗಿ, ಮೈ ಕೆಂಪೇರಿ, ಇಲ್ಲದವರೊಡನೆ ಮಾತಾಡುತ್ತಾರೆ. ಸಮಾಧಾನದ ಮಾತು ಅಲ್ಲಿ ನಾಟದು, ನೇರ ಆಸ್ಪತ್ರೆಗೇ ಒಯ್ಯಬೇಕು.

ಪೊಲೀಸರ ಭಯದಿಂದ ಸುಮ್ಮನಿರುವ ಮನೆಗಳಿವೆ. 1985ರ ಮಾದಕ ವಸ್ತು ಕಾಯ್ದೆಯಲ್ಲೇ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ರಕ್ಷಣೆ ನೀಡುವ 64ಎ ಕಲಮು ಇದೆ.

ಎರಡು ವಾರ ಕಳೆದರೂ ಹುಡುಗನಿಗೆ ಕತ್ತಲಾದರೆ ದಿಗಿಲು. ಮನೆತನದಲ್ಲಿ ಚಿಕ್ಕಪ್ಪನೊಬ್ಬರಿಗೆ ಮನೋರೋಗವಿತ್ತು. ಅಂಥವರಿಗೆ ಈ ಅಮಲು ಹೆಚ್ಚು ಅಪಾಯಕಾರಿ, ಕಾಯಿಲೆಯನ್ನು ಎಬ್ಬಿಸಿಬಿಡಬಹುದು. ಹಾಗಾಗಿ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ ಎಂದೆ. ತಂದೆ ಮೊದಲು ಒಪ್ಪಲಿಲ್ಲ, 'ಜನ ಏನೆಂದಾರು?' ಎಂದರು. ನಾನು ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ರಾತ್ರಿಯೇ ಅವರು ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದರಂತೆ. ಮರುವಾರ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟವರು ಅವರೇ. ನೆರೆಮನೆಯವರಿಗೆ ಜ್ವರ ಎಂದು ಹೇಳಿದ್ದಾರೆ. ಇರಲಿ ಬಿಡಿ.