ಕುಸಿತದ ಮುನ್ಸೂಚನೆ: ಮೊದಲು ಮೊಹರು ಬೀಳಲಿ

ಮೂರು ಕಿಲೊಮೀಟರಿಗೂ ಹೆಚ್ಚು ಆಳಕ್ಕಿಳಿದ ಕೆಜಿಎಫ್ ಗಣಿಗಳಲ್ಲಿ ಕಾರ್ಮಿಕರ ಜೀವ ತೆಗೆಯುತ್ತಿದ್ದದ್ದು ಬಂಡೆ ಸಿಡಿತ. ಒತ್ತಡ ತಾಳಲಾರದ ಕಲ್ಲು ಒಮ್ಮೆಗೇ ಸಿಡಿಯುತ್ತಿತ್ತು. ಆದರೆ ಸಿಡಿಯುವ ಮೊದಲು ಅದರೊಳಗೆ ಅಸಂಖ್ಯ ಸಣ್ಣ ಬಿರುಕುಗಳು ಮೂಡುತ್ತವೆ, ಪ್ರತಿ ಬಿರುಕೂ ಒಂದು ಕ್ಷೀಣ ಸದ್ದು ಹೊರಡಿಸುತ್ತದೆ. ಗಣಿಯೊಳಗೆ ಮಾಪಕಗಳನ್ನಿಟ್ಟು ಆ ಸದ್ದುಗಳನ್ನು ದಾಖಲಿಸಿದ್ದು ಈ ಕಾರಣಕ್ಕೇ. ಬಿರುಕುಗಳ ಈ ಭೌತವಿಜ್ಞಾನ ಈಗ ಷೇರುಪೇಟೆಯವರೆಗೂ ಬಂದಿದೆ.

ಅದನ್ನು ಅಲ್ಲಿಗೆ ಒಯ್ದವರಲ್ಲಿ ಪ್ರಮುಖರು ಫ್ರಾನ್ಸಿನ ಭೌತವಿಜ್ಞಾನಿ ದಿದಿಯೆ ಸೊರ್ನೆಟ್. 1990ರ ದಶಕದ ಆರಂಭದಲ್ಲಿ ಅವರು ಏರಿಯಾನ್ ರಾಕೆಟ್ಟಿನ ಒತ್ತಡ ಟ್ಯಾಂಕುಗಳನ್ನು ಪರೀಕ್ಷಿಸುತ್ತಿದ್ದರು. ಒತ್ತಡ ಏರಿದಂತೆ ಟ್ಯಾಂಕಿನ ನಾರುಗಳು ಒಂದೊಂದಾಗಿ ಹರಿಯುತ್ತವೆ. ಒಂದು ಹರಿದರೆ ಅದರ ಹೊರೆ ಪಕ್ಕದ್ದರ ಮೇಲೆ ಬೀಳುತ್ತದೆ. ಹೀಗಾಗಿ ಒಡೆಯುವ ಗಳಿಗೆ ಹತ್ತಿರವಾದಷ್ಟೂ ಸದ್ದುಗಳ ವೇಗ ಹೆಚ್ಚುತ್ತದೆ, ನಡುವಿನ ಏರಿಳಿತಗಳು ಕಿರಿದಾಗುತ್ತ ಹೋಗುತ್ತವೆ. ಈ ಲಯದಿಂದ ಟ್ಯಾಂಕು ಯಾವ ಒತ್ತಡದಲ್ಲಿ ಒಡೆದೀತೆಂದು ಅಂದಾಜಿಸಲು ಸಾಧ್ಯವಾಯಿತು. ಇದೇ ಲಯ ಭೂಕಂಪದ ಮುಂಚೆಯೂ ಕಂಡೀತೇ ಎಂದು ಅವರು ಹುಡುಕಿದರು. 1996ರಲ್ಲಿ ಅವರ ತಂಡ ಷೇರುಪೇಟೆಯ ಕುಸಿತಗಳಿಗೂ ಇದೇ ಸೂತ್ರವನ್ನು ಮುಂದಿಟ್ಟಿತು. ಅಮೆರಿಕದ ಡೌ ಸೂಚ್ಯಂಕ ಒಂದೇ ದಿನ ಶೇ 22.6ರಷ್ಟು ಕುಸಿದ 1987ರ ಅಕ್ಟೋಬರ್ 19 ಅವರ ಮುಖ್ಯ ಉದಾಹರಣೆ. ಒಬ್ಬರನ್ನು ನೋಡಿ ಇನ್ನೊಬ್ಬರು ಕೊಳ್ಳುವಾಗ ಬೆಲೆಯಷ್ಟೇ ಅಲ್ಲ, ಬೆಲೆ ಏರುವ ವೇಗವೂ ಏರುತ್ತದೆ. ಅಂಥ ಏರಿಕೆ ಬಹುಕಾಲ ನಿಲ್ಲುವುದು ಗಣಿತದಲ್ಲೇ ಅಸಾಧ್ಯ ಎಂಬುದು ಅವರ ವಾದದ ತಿರುಳು.

ಮೂರು ಕ್ಷೇತ್ರಗಳನ್ನು ಒಟ್ಟಿಗೆ ನೋಡುವ ಪರಂಪರೆ ನಮ್ಮಲ್ಲೂ ಇದೆ. ಕೋಲ್ಕತ್ತದ ಸಾಹಾ ಸಂಸ್ಥೆಯ ಬಿಕಾಸ್ ಚಕ್ರಬರ್ತಿ ವಸ್ತುಗಳ ಒಡೆತ, ಭೂಕಂಪದ ಮಾದರಿಗಳು, ಸಂಪತ್ತಿನ ಹಂಚಿಕೆ ಮೂರರ ಮೇಲೂ ಕೆಲಸ ಮಾಡಿದವರು.

ಈ ಸಂಶೋಧನೆಯನ್ನು ನಾನು ಗೌರವಿಸುತ್ತೇನೆ. ಆದರೆ ಸೂತ್ರ ಒಂದೇ ಆದರೂ ಅದನ್ನು ಒರೆಗೆ ಹಚ್ಚುವ ದಾರಿ ಮೂರು ಕಡೆ ಬೇರೆ ಬೇರೆ. ಟ್ಯಾಂಕುಗಳನ್ನು ಒಂದಾದ ಮೇಲೊಂದು ಒಡೆದು ನೋಡಬಹುದು, ಭೂಮಿಯನ್ನು ಹಾಗೆ ನೋಡಲಾಗದು. 1975ರಲ್ಲಿ ಚೀನಾದ ಹೈಚೆಂಗ್ ಭೂಕಂಪಕ್ಕೆ ಮುನ್ನ ಜನರನ್ನು ಮನೆಗಳಿಂದ ಹೊರಗೆ ಕಳಿಸಲಾಗಿತ್ತು. ಸಣ್ಣ ಕಂಪನಗಳ ಸರಣಿಯೇ ಅಲ್ಲಿ ದೊಡ್ಡ ಸುಳಿವಾಗಿತ್ತು. ಮರುವರ್ಷ ತಾಂಗ್‌ಶಾನ್‌ನಲ್ಲಿ ಅಂಥ ಎಚ್ಚರಿಕೆ ಬರಲಿಲ್ಲ. ಸರ್ಕಾರಿ ಲೆಕ್ಕದಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದ ಪಾರ್ಕ್‌ಫೀಲ್ಡ್‌ನಲ್ಲಿ 1993ರೊಳಗೆ ಭೂಕಂಪವಾಗುತ್ತದೆಂದು ವಿಜ್ಞಾನಿಗಳು ಹೇಳಿದ್ದರು. ಅದು ಬಂದದ್ದು 2004ರಲ್ಲಿ. ಕಲಬುರಗಿ, ಬೀದರ್‌ಗೂ ನಡುಕ ತಂದ 1993ರ ಕಿಲಾರಿ ದುರಂತಕ್ಕೆ ಒಂದು ವರ್ಷ ಮೊದಲೇ ಅಲ್ಲಿ ಸಣ್ಣ ಕಂಪನಗಳಾಗಿದ್ದವು. ಆದರೆ ಸಣ್ಣ ಕಂಪನಗಳಾಗಿ, ದೊಡ್ಡದೇನೂ ಆಗದೆ ತಣ್ಣಗಾದ ಊರುಗಳೂ ಬೇಕಾದಷ್ಟಿವೆ. ಅವುಗಳ ಲೆಕ್ಕ ಇಡದೆ ಸುಳಿವಿನ ಬೆಲೆ ತಿಳಿಯದು.

ಪೇಟೆ ಇನ್ನೂ ಕಠಿಣ. ಬಂಡೆಗೆ ನಮ್ಮ ಭವಿಷ್ಯವಾಣಿ ಕೇಳಿಸುವುದಿಲ್ಲ, ಹೂಡಿಕೆದಾರನಿಗೆ ಕೇಳಿಸುತ್ತದೆ. ಕುಸಿತ ಬರುತ್ತದೆಂದು ನಂಬಿದ ಸಾಕಷ್ಟು ಜನ ಮಾರಿದರೆ ಕುಸಿತ ಬಂದೇ ಬರುತ್ತದೆ. 2009ರ ಜುಲೈನಲ್ಲಿ ಸೊರ್ನೆಟ್ ತಂಡ ಶಾಂಘೈ ಪೇಟೆಯ ಗುಳ್ಳೆ ಆ ತಿಂಗಳೊಳಗೇ ತಿರುವು ಕಾಣುತ್ತದೆಂದು ಮೊದಲೇ ಪ್ರಕಟಿಸಿತು. ಸೂಚ್ಯಂಕ ಆಗಸ್ಟ್ ಮೊದಲ ವಾರದಲ್ಲಿ ತುದಿ ಮುಟ್ಟಿ ಕುಸಿಯಿತು. ಹತ್ತಿರದ ಗುರಿಯೇ, ಆದರೂ ಒಂದು ಗುರಿಯಿಂದ ಸಿದ್ಧಾಂತ ಸಾಬೀತಾಗದು. ಅದು ಗೊತ್ತಿದ್ದರಿಂದಲೇ ಇರಬೇಕು, ಅದೇ ವರ್ಷದ ಕೊನೆಯಲ್ಲಿ ಅವರು ಜ್ಯೂರಿಕ್‌ನಲ್ಲಿ ಒಂದು ಪ್ರಯೋಗಕ್ಕೆ ಇಳಿದರು. ಮುನ್ಸೂಚನೆಗಳನ್ನು ಬರೆದಿಟ್ಟು, ಮುಂದೆ ತಿದ್ದಲಾಗದಂತೆ ಅವುಗಳ ಡಿಜಿಟಲ್ ಗುರುತನ್ನು ಮಾತ್ರ ಸಾರ್ವಜನಿಕವಾಗಿಟ್ಟರು. ಲಕೋಟೆ ಒಡೆದದ್ದು ಆರು ತಿಂಗಳ ಮೇಲೆ. ಪೇಟೆ ಮುಂಚಿತವಾಗಿ ಕದಡಲಿಲ್ಲ, ತಪ್ಪಾದದ್ದನ್ನು ಮುಚ್ಚಿಡಲೂ ಆಗಲಿಲ್ಲ. ನನ್ನ ಮಟ್ಟಿಗೆ ಅವರ ಸೂತ್ರಕ್ಕಿಂತ ದೊಡ್ಡ ಕೊಡುಗೆ ಇದು.

ನಮಗೆ ಇದು ದೂರದ ಮಾತಲ್ಲ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗಿಳಿದ ಸಾಮಾನ್ಯ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದರೆಂದು ಸೆಬಿ ಅಧ್ಯಯನ ಹೇಳಿದೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇವರಿಗೆ ಯೂಟ್ಯೂಬು, ಟೆಲಿಗ್ರಾಮಿನಲ್ಲಿ ದಿನಬೆಳಗಾದರೆ ಭವಿಷ್ಯ ಹೇಳುವವರಿಗೆ ಬರವಿಲ್ಲ. ಸರಿ ಬಂದ ಮಾತನ್ನು ಅವರು ವರ್ಷಗಟ್ಟಲೆ ಸಾರುತ್ತಾರೆ, ತಪ್ಪಿದ ವಿಡಿಯೊ ಸದ್ದಿಲ್ಲದೆ ಮಾಯವಾಗುತ್ತದೆ.

ಭೂಕಂಪ ವಿಜ್ಞಾನಿಗಳು 2007ರ ಸುಮಾರಿಗೆ ಅಂತರರಾಷ್ಟ್ರೀಯ ಪರೀಕ್ಷಾ ವ್ಯವಸ್ಥೆಯೊಂದನ್ನು ಕಟ್ಟಿದರು. ಯಾರೇ ಮಾದರಿ ತಂದರೂ ಮೊದಲು ಅಲ್ಲಿ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಬದಲಿಸುವಂತಿಲ್ಲ, ಫಲಿತಾಂಶ ಅಳೆಯುವವರು ಬೇರೆಯವರು. ಷೇರು ಸಲಹೆಗೆ ಹಣ ಪಡೆಯುವ ಪ್ರತಿಯೊಬ್ಬರ ಮುನ್ಸೂಚನೆಗೂ ಸೆಬಿ ಇಂಥ ಕಡತವೊಂದನ್ನು ತೆರೆಯಬೇಕು: ಹೇಳಿದ ದಿನಾಂಕ, ಹೇಳಿದ ಮಾತು, ಆದದ್ದು, ಆಗದೇ ಹೋದದ್ದು, ಎಲ್ಲವೂ ಯಾರು ಬೇಕಾದರೂ ನೋಡುವಂತೆ.