ಹೆಚ್ಚು ಓಡಿದ ಡೀಸೆಲ್ ಕಾರನ್ನು ಕೊಳ್ಳಬಹುದೇ?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹೊಳೆನರಸೀಪುರದ ಕಡೆಯ ಹುಡುಗ. ಗಣಿತದ ಅವಧಿಯಲ್ಲಿ ಸದಾ ಕಿಟಕಿಯಾಚೆ ನೋಡುತ್ತಿದ್ದವನು ಈಗ ಮೈಸೂರಿನ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾನೆ! ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದ. 2014ನೆಯ ಇಸವಿಯ ಡೀಸೆಲ್ ಕಾರೊಂದು ಮಾರಾಟಕ್ಕಿದೆಯಂತೆ. ಮೀಟರಿನಲ್ಲಿ 1,90,000 ಕಿಲೋಮೀಟರ್ ತೋರಿಸುತ್ತಿದೆ. ಬೆಲೆ ಮೂರು ಲಕ್ಷ ಇಪ್ಪತ್ತು ಸಾವಿರ. ಕೈಯಲ್ಲಿರುವುದು ಒಂದೂವರೆ ಲಕ್ಷ. ಉಳಿದದ್ದಕ್ಕೆ ಹೆಂಡತಿಯ ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಡಬೇಕು. "ಸಾರ್, ನೀವು ಎರಡು ಹಳೇ ಡೀಸೆಲ್ ಕಾರು ಇಟ್ಟುಕೊಂಡವರು. ಇಷ್ಟು ಓಡಿದ ಗಾಡಿ ತಗೊಳ್ಳಬಹುದಾ?" ಎಂದು ಕೇಳಿದ.

ಆ ಬಳೆಗಳ ಮಾತು ಬಂದದ್ದರಿಂದಲೇ ನಾನು ಥಟ್ಟನೆ ಉತ್ತರ ಹೇಳಲಿಲ್ಲ. ಎರಡು ದಿನ ಯೋಚಿಸಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆಯನ್ನು ನನ್ನ ತಂಗಿಯ ಮಗನೂ ಕೇಳಿದ್ದ, ನಿಮ್ಮಲ್ಲಿ ಇನ್ನೂ ಕೆಲವರು ಕೇಳಿದ್ದೀರಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು ಈವರೆಗೆ ಹೆಚ್ಚು ಓಡಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ತಿರಸ್ಕರಿಸಬೇಕಾಗಿಲ್ಲ. ಆದರೆ ನೀವು ಇನ್ನು ಮುಂದೆ ಅದನ್ನು ಕಡಿಮೆ ಓಡಿಸುವವರಾದರೆ, ಅದು ಎಷ್ಟೇ ಒಳ್ಳೆಯ ಕಾರಾಗಿದ್ದರೂ ನಿಮಗೆ ಬೇಡ.

ಈ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. 2008ರಲ್ಲಿ ನಿವೃತ್ತನಾದೆ. ಮರುವರ್ಷ ಗ್ರಾಚ್ಯುಯಿಟಿಯ ಹಣದಲ್ಲಿ ಒಂದು ಭಾಗ ತೆಗೆದು ಐದು ವರ್ಷ ಹಳೆಯದಾದ ಡೀಸೆಲ್ ಕಾರೊಂದನ್ನು ಕೊಂಡೆ. ನಾನು ನೋಡಿದ ನಾಲ್ಕು ಕಾರುಗಳಲ್ಲಿ ಮೂರು ಲಕ್ಷ ಕಿಲೋಮೀಟರ್ ದಾಟಿದ್ದವು. ಇದೊಂದು ಮಾತ್ರ 58,000 ತೋರಿಸುತ್ತಿತ್ತು. ಮೂವತ್ತಮೂರು ವರ್ಷ ಅಂಕಪಟ್ಟಿ ನೋಡಿ ಮಕ್ಕಳನ್ನು ಅಳೆದ ಮೇಷ್ಟ್ರಿಗೆ ಅಂಕಿಯೊಂದೇ ಸಾಕಾಯಿತು. ಹೊಳೆಯುವ ಬಣ್ಣ, ಹೊಸ ಸೀಟು ಕವರು, ನಗುಮುಖದ ವ್ಯಾಪಾರಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತರಗತಿಯಲ್ಲಿ ನಿಮಗೆಲ್ಲ ಬೋಧಿಸಿದವನು ಆ ದಿನ ಅದನ್ನು ಮರೆತಿದ್ದೆ.

ನಾಲ್ಕನೆಯ ತಿಂಗಳು ಸಂಸಾರಸಮೇತ ಧರ್ಮಸ್ಥಳಕ್ಕೆ ಹೋಗಿ ಹಿಂದಿರುಗುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಏರುವಾಗ ಶಾಖದ ಮುಳ್ಳು ಮೇಲಕ್ಕೆ ಹೋಯಿತು. ನಾನು ಅದನ್ನು ಗಮನಿಸುವಷ್ಟರಲ್ಲಿ ಬಾನೆಟ್ಟಿನಿಂದ ಹಬೆ ಎದ್ದು ಎಂಜಿನ್ ನಿಂತಿತು. ರಾತ್ರಿ ಎಂಟು ಗಂಟೆ, ಮಳೆ ಬೇರೆ. ಹಿಂದಿನ ಸೀಟಿನಲ್ಲಿ ಎಂಬತ್ತು ದಾಟಿದ ನನ್ನ ತಾಯಿ. ಪಕ್ಕದಲ್ಲಿ ಲಾರಿಗಳು ಬುಸುಗುಡುತ್ತ ಹೋಗುತ್ತಿದ್ದವು. ಕೊನೆಗೆ ಲಾರಿಯ ಚಾಲಕನೊಬ್ಬ ಹಗ್ಗ ಕಟ್ಟಿ ಮಾರನಹಳ್ಳಿಯವರೆಗೆ ಎಳೆದುಕೊಂಡು ಬಂದು ಬಿಟ್ಟ. ಹಣ ಕೊಡಹೋದರೆ, ಅಜ್ಜಿಗೆ ಬಿಸಿ ಕಾಫಿ ಕೊಡಿಸಿ ಎಂದು ಹೇಳಿ ಹೊರಟುಹೋದ. ಆ ಪುಣ್ಯಾತ್ಮನ ಹೆಸರನ್ನು ಕೇಳಿಕೊಳ್ಳಲಿಲ್ಲವಲ್ಲ ಎಂಬ ಕೊರಗು ಇಂದಿಗೂ ಇದೆ.

ಹಾಸನದ ಮೆಕ್ಯಾನಿಕ್ ಎಂಜಿನ್ ಬಿಚ್ಚಿದ. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು, ರೇಡಿಯೇಟರ್ ಕಟ್ಟಿಕೊಂಡಿತ್ತು. ಅದಕ್ಕಿಂತ ದೊಡ್ಡ ಸಂಗತಿಯನ್ನು ಅವನು ಬೆರಳಿಟ್ಟು ತೋರಿಸಿದ. ಬಾನೆಟ್ಟಿನ ಒಳಮೈಯಲ್ಲಿ ಎಣ್ಣೆಯ ಜಿಡ್ಡಿನಡಿ ಒಂದು ಚೀಟಿ ಅಂಟಿಕೊಂಡಿತ್ತು. ಮುಂದಿನ ಆಯಿಲ್ ಬದಲಾವಣೆ 1,40,000 ಕಿಲೋಮೀಟರಿಗೆ ಎಂದು ಅದರಲ್ಲಿ ಬರೆದಿತ್ತು! ಮೀಟರನ್ನು ಹಿಂದಕ್ಕೆ ತಿರುಗಿಸಿದವರು ಆ ಚೀಟಿಯನ್ನು ಕೀಳಲು ಮರೆತಿದ್ದರು. ದುರಸ್ತಿಗೆ 38,000 ರೂಪಾಯಿ ಖರ್ಚಾಯಿತು. ವ್ಯಾಪಾರಿಯ ಬಳಿಗೆ ಹೋದರೆ, "ನೀವೇ ನೋಡಿ ತಗೊಂಡಿದ್ದಲ್ವಾ ಮೇಷ್ಟ್ರೇ" ಎಂದ. ಅವನು ಹೇಳಿದ್ದರಲ್ಲಿ ಅದೊಂದೇ ನಿಜವಾದ ಮಾತು.

ನಮ್ಮ ತಂದೆ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದುದು ಆಗ ನೆನಪಾಯಿತು. ಅವರು ಹಲ್ಲು ನೋಡಿ ವಯಸ್ಸು ತಿಳಿಯುತ್ತಿದ್ದರು, ನಿಜ. ಆದರೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ನೊಗ ಹೊತ್ತ ಹೆಗಲನ್ನು ತಡವಿ ನೋಡುತ್ತಿದ್ದರು, ಗೊರಸು ಎತ್ತಿಸುತ್ತಿದ್ದರು, ನಾಲ್ಕು ಮಾರು ನಡೆಸುತ್ತಿದ್ದರು, ಕೊನೆಗೆ ಮಾರುವವನ ಮುಖವನ್ನೇ ದಿಟ್ಟಿಸುತ್ತಿದ್ದರು. ನಾನು ಹಲ್ಲನ್ನಷ್ಟೇ ನೋಡಿ ದುಡ್ಡು ಎಣಿಸಿಕೊಟ್ಟಿದ್ದೆ. ಅದೂ ಅರ ಹಾಕಿ ಉಜ್ಜಿದ ಹಲ್ಲು.

ಎರಡನೆಯ ಕಾರನ್ನು 2014ರಲ್ಲಿ ಕೊಂಡಾಗ ಮೀಟರಿನಲ್ಲಿ 1,64,000 ಇತ್ತು. ಮನೆಯಲ್ಲಿ ಎಲ್ಲರೂ ಬೇಡವೆಂದರು. ಅದರ ಒಡೆಯರು ಒಬ್ಬ ಪಶುವೈದ್ಯರು. ಆರು ವರ್ಷ ಪ್ರತಿದಿನ ಹಾಸನದಿಂದ ಅರಸೀಕೆರೆಗೆ ಹೋಗಿ ಬಂದವರು. ಪ್ರತಿಯೊಂದು ಸರ್ವೀಸಿನ ರಸೀದಿಯನ್ನೂ ದಾರ ಕಟ್ಟಿ ಇಟ್ಟಿದ್ದರು. ನಾನು ಕೇಳುವ ಮೊದಲೇ ದೋಷಗಳನ್ನು ಹೇಳಿದರು: ಎ.ಸಿ. ಸರಿಯಾಗಿ ತಣಿಯುವುದಿಲ್ಲ, ಬೆಳಗಿನ ಚಳಿಯಲ್ಲಿ ಎರಡನೆಯ ಗೇರು ಹಠ ಮಾಡುತ್ತದೆ, ಮುಂದಿನ ಸಸ್ಪೆನ್ಶನ್ ಬುಷ್‌ಗಳನ್ನು ಬದಲಾಯಿಸಬೇಕು. ಆ ಕಾರು 2022ರವರೆಗೆ ನಮ್ಮ ಮನೆಯಲ್ಲಿತ್ತು. ಇನ್ನೂ 70,000 ಕಿಲೋಮೀಟರ್ ಓಡಿತು. ಒಮ್ಮೆಯೂ ನಡುದಾರಿಯಲ್ಲಿ ಕೈಬಿಡಲಿಲ್ಲ.

ಇದು ಕೇವಲ ಅದೃಷ್ಟವಲ್ಲ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ಪಂಪು ಬಿಸಿಯಾಗುವುದನ್ನು ತರಗತಿಯಲ್ಲಿ ನಿಮ್ಮ ಕೈಯಿಂದಲೇ ಮಾಡಿಸಿದ್ದೆ, ನೆನಪಿದೆಯೇ? ಡೀಸೆಲ್ ಎಂಜಿನ್ನಿನ ತತ್ತ್ವವೂ ಅದೇ. ಅಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಉರಿಯುತ್ತದೆ. ಆ ಒತ್ತಡವನ್ನು ತಾಳಬೇಕಾದ್ದರಿಂದ ಎಂಜಿನ್ನನ್ನು ಗಟ್ಟಿಯಾಗಿಯೇ ಕಟ್ಟಿರುತ್ತಾರೆ. ಹೆದ್ದಾರಿಯಲ್ಲಿ ಹದವಾದ ಶಾಖದಲ್ಲಿ, ಗೇರು ಹೆಚ್ಚು ಬದಲಿಸದೆ ಓಡಿದ ಎರಡು ಲಕ್ಷ ಕಿಲೋಮೀಟರಿಗಿಂತ, ಪೇಟೆಯ ಸಂದಣಿಯಲ್ಲಿ ದಿನಕ್ಕೆ ಹತ್ತು ಬಾರಿ ಹೊರಟು ನಿಂತ ಎಂಬತ್ತು ಸಾವಿರವೇ ಕ್ಲಚ್ಚನ್ನೂ ಎಂಜಿನ್ನನ್ನೂ ಹೆಚ್ಚು ಸವೆಸಬಹುದು. ಆದರೆ ಎಂಜಿನ್ ಗಟ್ಟಿಯೆಂದ ಮಾತ್ರಕ್ಕೆ ಅದಕ್ಕೆ ಜೋಡಿಸಿದ್ದೆಲ್ಲವೂ ಗಟ್ಟಿಯಲ್ಲ. ಈ ಕಾಲದ ಡೀಸೆಲ್ ಕಾರುಗಳಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಇಂಧನವನ್ನು ಚಿಮ್ಮಿಸುವ ಇಂಜೆಕ್ಟರುಗಳಿವೆ, ಟರ್ಬೋ ಇದೆ. ಕಲಬೆರಕೆ ಡೀಸೆಲ್ ಮತ್ತು ಹಳೆಯ ಆಯಿಲ್ ಇವುಗಳ ಶತ್ರುಗಳು. ಕೆಟ್ಟರೆ ಹತ್ತಾರು ಸಾವಿರ ರೂಪಾಯಿಗಳ ಮಾತು.

ಇನ್ನು ಲೆಕ್ಕಕ್ಕೆ ಬರೋಣ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಲೀಟರ್ ಪೆಟ್ರೋಲಿಗೆ 73 ರೂಪಾಯಿ, ಡೀಸೆಲಿಗೆ 41 ರೂಪಾಯಿ ಇತ್ತು. ಮೂವತ್ತೆರಡು ರೂಪಾಯಿಗಳ ಅಂತರ! ಡೀಸೆಲ್ ಕಾರೆಂದರೆ ಜಾಣತನ ಎಂಬ ನಂಬಿಕೆ ಬೆಳೆದದ್ದು ಆ ದಿನಗಳಲ್ಲಿ. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ನಿಯಂತ್ರಣವನ್ನು ತೆಗೆಯಿತು. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಮಾರಾಟ ತೆರಿಗೆ ಏರಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ, ಪೆಟ್ರೋಲ್ 103 ರೂಪಾಯಿಯ ಆಸುಪಾಸಿಗೆ ಬಂತು. ಅಂತರ ಹನ್ನೆರಡೇ ರೂಪಾಯಿ. ಪೆಟ್ರೋಲ್ ಕಾರು ಲೀಟರಿಗೆ 16 ಕಿಲೋಮೀಟರ್, ಡೀಸೆಲ್ ಕಾರು 20 ಕಿಲೋಮೀಟರ್ ಓಡುತ್ತದೆಂದು ಹಿಡಿಯಿರಿ. ಆ ದರದಲ್ಲಿ ಕಿಲೋಮೀಟರಿಗೆ ಉಳಿಯುವುದು ಸುಮಾರು 1 ರೂಪಾಯಿ 90 ಪೈಸೆ.

ನನ್ನ ಶಿಷ್ಯ ತಿಂಗಳಿಗೆ ಐನೂರು ಕಿಲೋಮೀಟರ್ ಓಡಿಸಿದರೆ ಹೆಚ್ಚು. ಅಂದರೆ ವರ್ಷಕ್ಕೆ 6,000. ಉಳಿತಾಯ ಹನ್ನೊಂದು ಸಾವಿರ ರೂಪಾಯಿ ಚಿಲ್ಲರೆ. ಒಮ್ಮೆ ಟರ್ಬೋ ಕೆಟ್ಟಿತೆಂದರೆ ಹಲವು ವರ್ಷಗಳ ಉಳಿತಾಯ ಒಂದೇ ಮಧ್ಯಾಹ್ನ ಹೋಗುತ್ತದೆ; ಬಳೆಗಳ ಬಡ್ಡಿ ಬೇರೆ. ಅದೇ ತಿಂಗಳಿಗೆ 1,500 ಕಿಲೋಮೀಟರ್ ಓಡಿಸುವವನಿಗೆ ವರ್ಷಕ್ಕೆ ಮೂವತ್ತನಾಲ್ಕು ಸಾವಿರ ಉಳಿಯುತ್ತದೆ. ಅವನು ಧೈರ್ಯ ಮಾಡಬಹುದು.

ಅಂಥವರು ಕೆಲವು ಸಂಗತಿಗಳನ್ನು ತಪ್ಪದೆ ನೋಡಬೇಕು. ಕಾರನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ನೋಡಿ. ನೀವು ಹೋಗುವ ಮೊದಲೇ ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹಿಂದಿರುಗಿ. ಹೊಗೆಯ ಬಣ್ಣವನ್ನು ಗಮನಿಸಿ: ನೀಲಿಯಾದರೆ ಆಯಿಲ್ ಉರಿಯುತ್ತಿದೆ, ದಟ್ಟ ಕಪ್ಪಾದರೆ ಇಂಧನ ಸರಿಯಾಗಿ ಸುಡುತ್ತಿಲ್ಲ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ತೆಗೆಯಿಸಿ; ಅಲ್ಲಿಂದ ಹೊಗೆ ಬುಸುಬುಸು ಎಂದು ಬಂದರೆ ಪಿಸ್ಟನ್ ಉಂಗುರಗಳು ಸವೆದಿವೆ ಎಂಬ ಅನುಮಾನ ಬರಬೇಕು. ಪೆಡಲಿನ ರಬ್ಬರು, ಸ್ಟಿಯರಿಂಗ್, ಚಾಲಕನ ಸೀಟು, ಇವುಗಳ ಸವೆತ ಮೀಟರಿನ ಅಂಕಿಗೆ ಹೊಂದುತ್ತದೆಯೇ ನೋಡಿ. ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಆಯಾ ತಾರೀಖಿನ ಕಿಲೋಮೀಟರ್ ದಾಖಲಾಗಿರುತ್ತದೆ. ಒಡೆಯನ ಜೊತೆಗೇ ಹೋಗಿ ಕೇಳಿ. ಅವನು ಹಿಂಜರಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ. ನಿಮ್ಮದೇ ಮೆಕ್ಯಾನಿಕ್‌ನನ್ನು ಕರೆದೊಯ್ದು ಅವನ ಕೂಲಿಯನ್ನು ಸಂತೋಷದಿಂದ ಕೊಡಿ. ಬೆಲೆಯ ಐದನೆಯ ಒಂದು ಭಾಗವನ್ನು ಮೊದಲ ವರ್ಷದ ದುರಸ್ತಿಗೆಂದು ಬೇರೆಯೇ ತೆಗೆದಿಡಿ. ಅದಿಲ್ಲದಿದ್ದರೆ ಆ ಕಾರನ್ನು ಕೊಳ್ಳುವ ಶಕ್ತಿ ನಿಮಗಿನ್ನೂ ಬಂದಿಲ್ಲ ಎಂದರ್ಥ.

ಕಾಗದಪತ್ರಗಳಲ್ಲಿ ದಾಕ್ಷಿಣ್ಯ ಬೇಡ. ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು, ಸಾಲವಿದ್ದ ಕಾರಾದರೆ 35ನೆಯ ನಮೂನೆ ಮತ್ತು ಬ್ಯಾಂಕಿನ ಪತ್ರ, ಬಾಕಿ ದಂಡ, ವಿಮೆ, ಇವೆಲ್ಲವನ್ನೂ ನೋಡಿಯೇ ಹಣ ಕೊಡಿ. ಸ್ವಂತ ಬಳಕೆಯ ಕಾರಿನ ನೋಂದಣಿ ಹದಿನೈದು ವರ್ಷಗಳದ್ದು. 2014ರ ಕಾರಿಗೆ ಅದು 2029ಕ್ಕೆ ಮುಗಿಯುತ್ತದೆ. ಆಮೇಲೆ ಅರ್ಹತಾ ಪರೀಕ್ಷೆಯಾಗಬೇಕು. ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರಲ್ಲಿ 5,000 ಆಯಿತು. ಇನ್ನು 2020ರ ನಂತರದ ಬಿ.ಎಸ್. 6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಶೋಧಕವಿರುತ್ತದೆ. ಪೇಟೆಯೊಳಗಿನ ಗಿಡ್ಡ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಹೀಗಾಗಿ ಹೊಸ ಮಾದರಿಗೂ ನನ್ನ ಮಾತು ಅನ್ವಯಿಸುತ್ತದೆ.

ಇಷ್ಟನ್ನೂ ಕೇಳಿ ನನ್ನ ಶಿಷ್ಯ ಸ್ವಲ್ಪ ಹೊತ್ತು ಸುಮ್ಮನಿದ್ದ. "ಸಾರ್, ಮಗಳಿಗೆ ಬಣ್ಣ ತುಂಬಾ ಇಷ್ಟವಾಗಿತ್ತು" ಎಂದ. ನನಗೂ ಪಿಚ್ಚೆನಿಸಿತು. ಆದರೆ ಬಳೆಗಳು ಮನೆಯಲ್ಲೇ ಇರಲಿ, ಊರಿಗೆ ಹೋಗುವ ದಿನ ಬಾಡಿಗೆ ಕಾರು ಮಾಡು, ಒಂದೆರಡು ವರ್ಷ ಕೂಡಿಟ್ಟು ಚಿಕ್ಕ ಪೆಟ್ರೋಲ್ ಕಾರನ್ನು ನೋಡು ಎಂದೆ. ಒಪ್ಪಿದ. ಅದೇ ಕಾರಿನ ವಿವರವನ್ನು ನಾನು, ವಾರಕ್ಕೆರಡು ಬಾರಿ ಹಾಸನದಿಂದ ಮಂಗಳೂರಿಗೆ ವ್ಯಾಪಾರಕ್ಕೆ ಹೋಗಿಬರುವ ಇನ್ನೊಬ್ಬ ಹಳೆಯ ವಿದ್ಯಾರ್ಥಿಗೆ ತಿಳಿಸಿದ್ದೇನೆ. ಅವನು ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಜೊತೆ ನೋಡಲು ಹೋಗುತ್ತಿದ್ದಾನೆ.

ಬಾನೆಟ್ಟಿನ ಒಳಮೈಯಲ್ಲಿ ಹಳೆಯ ಚೀಟಿಯೇನಾದರೂ ಅಂಟಿದೆಯೇ ನೋಡು ಎಂದು ಅವನಿಗೆ ಹೇಳಿದ್ದೇನೆ.