ಮಜ್ಜೆಗೆ ಬರುವ ಅಪ್ಪಣೆ

ಕಾರ್ಕಳದ ಬಳಿಯ ನಿಟ್ಟೆಯ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಯಂತ್ರಶಾಸ್ತ್ರದೊಡನೆ ಜೈವಿಕ ತಂತ್ರಜ್ಞಾನವನ್ನೂ ಬೋಧಿಸುತ್ತಾರೆ. ಇಂಜಿನಿಯರರಿಗೂ ಜೀವಕೋಶಗಳಿಗೂ ಏನು ನಂಟು ಎಂದು ಹುಬ್ಬೇರಿಸುವವರಿಗೆ ನಮ್ಮ ಎಲುಬಿನೊಳಗಿನ ಕಾರ್ಖಾನೆಯೇ ಉತ್ತರ ಕೊಡಬಲ್ಲದು.

ಬೆಳೆದ ಮನುಷ್ಯನ ಅಸ್ಥಿಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಒಂದೊಂದು ಕಣದ ಆಯುಸ್ಸು ಸುಮಾರು 120 ದಿನ. ಕೆಂಪು ಕಣ, ಬಿಳಿ ಕಣ, ಗಾಯದ ರಕ್ತವನ್ನು ತಡೆಯುವ ಕಿರುಬಿಲ್ಲೆ—ಇವೆಲ್ಲವೂ ಒಂದೇ ಬಗೆಯ ಮೂಲಕೋಶದ ಸಂತಾನ. ಯಾವುದು ಎಷ್ಟು ಬೆಳೆಯಬೇಕೆಂಬ ಅಪ್ಪಣೆಯನ್ನು ಹೊತ್ತು ತರುವ ದೂತರು ಕೆಲವು ಸಸಾರಜನಕಗಳು, ಅಂದರೆ ಪ್ರೋಟೀನುಗಳು.

ಇಂಥ ದೂತನೊಬ್ಬನಿರಬೇಕೆಂದು ಪ್ಯಾರಿಸಿನ ಪಾಲ್ ಕಾರ್ನೊ 1906ರಲ್ಲಿಯೇ ಊಹಿಸಿದ್ದರು. ಅವನನ್ನು ಹಿಡಿಯಲು ಮಾತ್ರ ದಶಕಗಳೇ ಬೇಕಾದವು. ಷಿಕಾಗೋದ ಯೂಜಿನ್ ಗೋಲ್ಡ್‌ವಾಸರ್ ಮತ್ತು ಜಪಾನಿನ ತಕಾಜಿ ಮಿಯಾಕೆ, ರಕ್ತಹೀನತೆಯ ರೋಗಿಗಳಿಂದ ಸಂಗ್ರಹಿಸಿದ 2,550 ಲೀಟರ್ ಮೂತ್ರದಿಂದ ಕೆಲವೇ ಮಿಲಿಗ್ರಾಂ ಶುದ್ಧ ಎರಿತ್ರೊಪೊಯಿಟಿನ್ ಪಡೆದುದನ್ನು 1977ರಲ್ಲಿ ಪ್ರಕಟಿಸಿದರು. ಇದರ ಮುಖ್ಯ ತವರು ಮೂತ್ರಪಿಂಡ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದೊಡನೆ ಮೂತ್ರಪಿಂಡ ಅದನ್ನು ಹೆಚ್ಚಾಗಿ ಸ್ರವಿಸುತ್ತದೆ. ಮಜ್ಜೆ ಎಚ್ಚೆತ್ತು ಕೆಂಪು ಕಣಗಳನ್ನು ಹೆಚ್ಚಿಸುತ್ತದೆ. ಕೊರತೆ ತೀರಿದಂತೆ ಸಂದೇಶವೂ ತಗ್ಗುತ್ತದೆ.

ಬಿಳಿ ಕಣಗಳಿಗೆ ದೂತರು ಬೇರೆ. ಮೆಲ್ಬೋರ್ನಿನ ಡೊನಾಲ್ಡ್ ಮೆಟ್‌ಕಾಫ್ ಅವರು 1960ರ ದಶಕದಿಂದ ಇವುಗಳ ಅಧ್ಯಯನಕ್ಕೇ ಬಾಳನ್ನು ಮುಡಿಪಾಗಿಟ್ಟರು. ಅರ್ಬುದ ರೋಗದ ಔಷಧಗಳು ಮಜ್ಜೆಯನ್ನೂ ಬಳಲಿಸುವುದರಿಂದ ರೋಗಿಯ ಬಿಳಿ ಕಣಗಳು ಕುಸಿಯುತ್ತವೆ. ಆಗ ಈ ದೂತನನ್ನೇ ಚುಚ್ಚುಮದ್ದಾಗಿ ಕೊಡುವುದುಂಟು. ಮನುಷ್ಯನ ವಂಶವಾಹಿಯನ್ನು ಬ್ಯಾಕ್ಟೀರಿಯಾದಲ್ಲಿ ಸೇರಿಸಿ ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ ಇದನ್ನು ತಯಾರಿಸುತ್ತಾರೆ. ಪಾತ್ರೆಯ ಕಾವು, ಗಾಳಿ, ಕದಡುವ ವೇಗ ಒಂದೂ ತಪ್ಪುವಂತಿಲ್ಲ. ಇಂಜಿನಿಯರನ ನಂಟು ಇಲ್ಲಿದೆ. ಬೆಂಗಳೂರಿನ ಬಯೋಕಾನ್, ಮೈಲಾನ್ ಸಂಸ್ಥೆಯೊಡನೆ ರೂಪಿಸಿದ ಪೆಗ್‌ಫಿಲ್‌ಗ್ರಾಸ್ಟಿಂ 2018ರ ಜೂನ್‌ನಲ್ಲಿ ಅಮೆರಿಕದಲ್ಲಿ ಮಾರಾಟದ ಅನುಮತಿ ಗಳಿಸಿತು. ಪೆಗ್‌ಫಿಲ್‌ಗ್ರಾಸ್ಟಿಂನ ಮೂಲ ಔಷಧಕ್ಕೆ ಸರಿದೊರೆಯಾದ ಜೈವಿಕ ಔಷಧಗಳಲ್ಲಿ ಅಲ್ಲಿ ಆ ಮನ್ನಣೆ ಪಡೆದ ಮೊದಲನೆಯದು ಇದೇ.

ಗೃಹಸ್ಥರು ಇದರಿಂದ ತಿಳಿಯಬೇಕಾದುದು ಎರಡು ಸಂಗತಿ. ಮೂತ್ರಪಿಂಡ ಸೋತವರ ಮುಖ ಬಿಳಿಚಿಕೊಂಡರೆ ಬೀಟ್‌ರೂಟ್ ರಸ, ಕಬ್ಬಿಣದ ಟಾನಿಕ್ಕುಗಳನ್ನಷ್ಟೇ ನಂಬಿ ಕೂರಬಾರದು. ಕಬ್ಬಿಣ ಕಚ್ಚಾಸಾಮಗ್ರಿ, ಅದು ರಾಶಿ ಬಿದ್ದಿದ್ದರೂ ಅಪ್ಪಣೆ ಬಾರದೆ ಕಾರ್ಖಾನೆ ನಡೆಯದು. ಅಪ್ಪಣೆ ಬಂದರೂ ಕಬ್ಬಿಣವಿಲ್ಲದೆ ನಡೆಯದು. ಯಾವುದರ ಕೊರತೆಯೆಂದು ವೈದ್ಯರೇ ಪರೀಕ್ಷಿಸಿ ಹೇಳಬೇಕು. ಅಪ್ಪಣೆ ಮಿತಿಮೀರಿದರೂ ಅಪಾಯವೇ: ರಕ್ತ ಮಂದವಾಗಿ ಹೆಪ್ಪುಗಟ್ಟಬಹುದು. ಓಟದಲ್ಲಿ ಗೆಲ್ಲುವ ಆಸೆಯಿಂದ ಎರಿತ್ರೊಪೊಯಿಟಿನ್ ಚುಚ್ಚಿಸಿಕೊಳ್ಳುವುದನ್ನು ಕ್ರೀಡಾಲೋಕ ನಿಷೇಧಿಸಿರುವುದು ನ್ಯಾಯಕ್ಕಾಗಿ ಮಾತ್ರವಲ್ಲ, ಪ್ರಾಣಕ್ಕಾಗಿಯೂ.

ಎರಡನೆಯದು ಇನ್ನೂ ತುರ್ತಿನದು. ಅರ್ಬುದದ ಚಿಕಿತ್ಸೆಯಲ್ಲಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಕಂಡರೆ ಕಷಾಯ ಕುಡಿಸಿ ಬೆಳಗಾಗಲೆಂದು ಕಾಯಬಾರದು. ಕಾವಲಿನ ಕಣಗಳಿಲ್ಲದ ದೇಹದಲ್ಲಿ ಸೋಂಕು ಕೆಲವೇ ಗಂಟೆಗಳಲ್ಲಿ ಹಬ್ಬಬಲ್ಲದು. ನಡುರಾತ್ರಿಯಾದರೂ ಸರಿ, ಆಸ್ಪತ್ರೆಯ ಬಾಗಿಲು ತಟ್ಟಬೇಕು.